ಅಳತೆಯೂ ಪ್ರಮಾಣವೂ

‘ಪ್ರಮಾಣ’ ಎಂಬ ಮಾತು ಕನ್ನಡದಲ್ಲಿ ಮೂರು ಅರ್ಥಗಳಲ್ಲಿ ನಡೆಯುತ್ತದೆ. ಸಾರಿಗೆ ಉಪ್ಪು ಹಾಕುವಾಗ ಅಡುಗೆಯವರು ನೋಡುವುದು ಪ್ರಮಾಣವನ್ನು. ಅಲ್ಲಿ ಅದಕ್ಕೆ ಅಳತೆಯೆಂದರ್ಥ. ತರ್ಕವನ್ನೋದುವವರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಎಣಿಸುವುದೂ ಪ್ರಮಾಣಗಳನ್ನೇ. ಅಲ್ಲಿ ಅದಕ್ಕೆ ನಿಜವಾದ ತಿಳಿವಳಿಕೆಯನ್ನು ತಂದುಕೊಡುವ ಸಾಧನವೆಂದರ್ಥ. ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿಯಲು ನಿಂತವನು ಮೊದಲು ಮಾಡಬೇಕಾದುದೂ ಪ್ರಮಾಣವೇ. ಅಲ್ಲಿ ಅದಕ್ಕೆ ಆಣೆಯೆಂದರ್ಥ.

ಈ ಮೂರು ಅರ್ಥಗಳು ಒಂದೇ ಮಾತಿನಲ್ಲಿ ಸೇರಿಕೊಂಡಿರುವುದರಲ್ಲಿ ಒಂದು ವಿವೇಕವಿದೆ. ‘ಇದು ಇಷ್ಟಿದೆ’ ಎಂದು ಹೇಳುವವನು ಕೇಳುವವರಿಗೆ ಬರಿಯ ಅಂಕೆಯನ್ನು ಕೊಡುವುದಿಲ್ಲ. ತಾನು ಅಲ್ಲಿದ್ದೆನೆಂದೂ, ಕಂಡುದನ್ನು ಕೂಡಿಸದೆ ಕಳೆಯದೆ ಹೇಳುತ್ತಿರುವೆನೆಂದೂ ಒಂದು ಭರವಸೆಯನ್ನು ಕೊಡುತ್ತಾನೆ. ಅಳತೆಯು ತಿಳಿವಳಿಕೆಯಾಗುವುದು ಈ ಭರವಸೆಯ ಬಲದಿಂದ. ಹಾಗಾದರೆ, ಅಳೆಯುವ ಜಾಗದಲ್ಲಿ ಮನುಷ್ಯನೇ ಇಲ್ಲದಿದ್ದರೆ ಆಣೆಯಿಡುವವರು ಯಾರು? ಯಂತ್ರವೊಂದು ಯಾರೂ ಕಾಣದ ಕತ್ತಲೆಯಲ್ಲಿ ಅಳೆದು ತಂದ ಅಂಕೆಗೆ ಹಿಂದಿನ ಗೌರವ ಸಲ್ಲುವುದೆ? ಈ ಪ್ರಶ್ನೆಯು ಕಲ್ಪನೆಯದಲ್ಲ. ಭೂಮಿಯ ಉತ್ತರದ ತುದಿಯಲ್ಲಿ, ಆರ್ಕ್‌ಟಿಕ್ ಸಮುದ್ರದ ಹಿಮದ ಕೆಳಗೆ, ಅದು ದಿನದಿನವೂ ಏಳುತ್ತಿದೆ.

ಆ ಸಮುದ್ರವನ್ನು ಅಳೆಯುವ ಕೆಲಸಕ್ಕೆ ಮೊದಲು ತೆತ್ತ ಬೆಲೆ ಮನುಷ್ಯರ ಪ್ರಾಣ. ೧೮೭೯ರ ಜುಲೈನಲ್ಲಿ ‘ಜಾನೆಟ್’ ಎಂಬ ಅಮೆರಿಕದ ಹಡಗು ಡಿಲಾಂಗ್ ಎಂಬ ನೌಕಾಧಿಕಾರಿಯ ಕೈಕೆಳಗೆ ಸಾನ್ ಫ್ರಾನ್ಸಿಸ್ಕೋ ಬಂದರಿನಿಂದ ಹೊರಟಿತು. ಹಿಮದ ಬೇಲಿಯನ್ನು ದಾಟಿದರೆ ಧ್ರುವದ ಸುತ್ತ ತೆರೆದ ಸಮುದ್ರವಿದೆಯೆಂದು ಆ ಕಾಲದ ಕೆಲವು ಭೂಗೋಳಜ್ಞರು ನಂಬಿದ್ದರು. ಹಡಗು ಹೊರಟದ್ದು ಆ ನಂಬಿಕೆಯ ಮೇಲೆ. ಸೆಪ್ಟೆಂಬರಿನಲ್ಲಿಯೇ ಅದು ಹಿಮದಲ್ಲಿ ಸೆರೆಯಾಯಿತು. ಸುಮಾರು ಎರಡು ವರ್ಷ ಹಿಮದೊಡನೆ ತೇಲಿ, ೧೮೮೧ರ ಜೂನ್‌ನಲ್ಲಿ ನುಗ್ಗಾಗಿ ಮುಳುಗಿತು. ಅದರಲ್ಲಿದ್ದ ೩೩ ಮಂದಿ ಹಿಮದ ಮೇಲೆ ದೋಣಿಗಳನ್ನೆಳೆಯುತ್ತ ಸೈಬೀರಿಯದ ಕಡೆಗೆ ನಡೆದರು. ಹಸಿವಿನಿಂದ ಬಳಲುತ್ತಿದ್ದಾಗಲೂ ಹಡಗಿನ ದಿನವಹಿ ಪುಸ್ತಕಗಳನ್ನು ಅವರು ಬಿಡಲಿಲ್ಲ. ಇಪ್ಪತ್ತು ಮಂದಿ ಸತ್ತರು, ಡಿಲಾಂಗನೂ ಸತ್ತನು. ಬದುಕಿ ಉಳಿದವರು ಆ ಪುಸ್ತಕಗಳನ್ನು ಹುಡುಕಿ ತಂದರು.

ಮೂರು ವರ್ಷಗಳಾದ ಮೇಲೆ, ೧೮೮೪ರಲ್ಲಿ, ಅದೇ ಹಡಗಿನ ಕೆಲವು ಅವಶೇಷಗಳು ಗ್ರೀನ್‌ಲೆಂಡಿನ ನೈಋತ್ಯ ತೀರದಲ್ಲಿ ಸಿಕ್ಕಿದವು. ಹಡಗು ಮುಳುಗಿದ್ದು ಸೈಬೀರಿಯದ ಉತ್ತರಕ್ಕೆ. ಅವಶೇಷಗಳು ಸಿಕ್ಕಿದ್ದು ಸಮುದ್ರದ ಇನ್ನೊಂದು ಕಡೆಯಲ್ಲಿ. ನಾರ್ವೆಯ ಹವಾಶಾಸ್ತ್ರಜ್ಞ ಹೆನ್ರಿಕ್ ಮೋನ್ ಇದನ್ನು ಕುರಿತು ಬರೆದುದನ್ನು ಓದಿ, ಹಿಮವು ಧ್ರುವಪ್ರದೇಶವನ್ನು ಅಡ್ಡಹಾಯ್ದು ಹರಿಯುತ್ತಿರಬೇಕೆಂದು ಫ್ರಿಡ್ಯೋಫ್ ನಾನ್‌ಸೆನ್ ಊಹಿಸಿದನು. ಹಿಮದ ಒತ್ತಡಕ್ಕೆ ಮೇಲೇಳುವಂತಹ ‘ಫ್ರಾಮ್’ ಎಂಬ ಹಡಗನ್ನು ಕಟ್ಟಿಸಿ, ೧೮೯೩ರಲ್ಲಿ ಹನ್ನೆರಡು ಮಂದಿಯೊಡನೆ ಹೊರಟು, ಅದನ್ನು ತಾನಾಗಿಯೇ ಹಿಮಕ್ಕೆ ಒಪ್ಪಿಸಿದನು. ಮೂರು ವರ್ಷ ತೇಲಿದ ಹಡಗು ೧೮೯೬ರ ಆಗಸ್ಟಿನಲ್ಲಿ ಸ್ಪಿಟ್ಸ್‌ಬರ್ಗನ್ನಿನ ಬಳಿ ತೆರೆದ ನೀರಿಗೆ ಬಂದಿತು. ಅದರ ಜನರಲ್ಲಿ ಒಬ್ಬನೂ ಸಾಯಲಿಲ್ಲ.

ಆ ಮೂರು ವರ್ಷಗಳಲ್ಲಿ ಎರಡು ದೊಡ್ಡ ಸಂಗತಿಗಳು ತಿಳಿದುವು. ಧ್ರುವಸಮುದ್ರವು ಆಳವಿಲ್ಲದ್ದೆಂದು ಹೊರಡುವಾಗ ಎಲ್ಲರ ಎಣಿಕೆಯಾಗಿತ್ತು. ಒಯ್ದ ಅಳತೆಯ ಹಗ್ಗವು ತಳವನ್ನು ಮುಟ್ಟಲಿಲ್ಲ. ಹಡಗಿನ ಉಕ್ಕಿನ ಹಗ್ಗವೊಂದನ್ನು ಎಳೆಎಳೆಯಾಗಿ ಬಿಚ್ಚಿ ಹೊಸ ಹಗ್ಗವನ್ನು ಹೊಸೆದು ಇಳಿಬಿಟ್ಟಾಗ ಆಳವು ಮೂರು ಸಾವಿರ ಮೀಟರಿಗೂ ಮಿಕ್ಕಿತು. ಎರಡನೆಯದು ಇನ್ನೂ ವಿಚಿತ್ರ. ಮೇಲಿನ ಕೊರೆಯುವ ನೀರಿನ ಕೆಳಗೆ, ಸುಮಾರು ೨೦೦ ಮೀಟರಿನಿಂದ ೮೦೦ ಮೀಟರಿನವರೆಗೆ, ಸೊನ್ನೆ ಡಿಗ್ರಿಗಿಂತ ಬೆಚ್ಚನೆಯ ನೀರಿನ ಪದರವಿತ್ತು. ಅದು ಅಟ್ಲಾಂಟಿಕ್ ಸಾಗರದಿಂದ ಬಂದ ನೀರು. ಅದು ಹೆಚ್ಚು ಉಪ್ಪಿನದಾದುದರಿಂದ ಭಾರವಾಗಿ ಕೆಳಗಿರುತ್ತದೆ. ನದಿಗಳು ತಂದ ನೀರಿನಿಂದ ಹಗುರವಾದ ತಣ್ಣನೆಯ ನೀರು ಮೇಲೆ ಮುಚ್ಚಳದಂತೆ ನಿಂತು, ಆ ಬಿಸಿಯು ಹಿಮವನ್ನು ಮುಟ್ಟದಂತೆ ತಡೆಯುತ್ತದೆ. ಧ್ರುವದ ಹಿಮದ ಬಾಳು ಬಹುಮಟ್ಟಿಗೆ ಈ ಮುಚ್ಚಳವನ್ನು ನಂಬಿಕೊಂಡಿದೆ. ಅದು ಗಟ್ಟಿಯಾಗಿದೆಯೆ, ಸಡಿಲುತ್ತಿದೆಯೆ ಎಂಬುದನ್ನು ಹಿಮದ ಮೇಲೆ ನಿಂತು ನೋಡಿದರೆ ತಿಳಿಯದು; ಆಕಾಶದ ಉಪಗ್ರಹಕ್ಕೂ ಕಾಣದು. ನೀರಿನೊಳಗೇ ಹೋಗಿ, ಆಳದಾಳಕ್ಕೆ ಉಷ್ಣತೆಯನ್ನೂ ಉಪ್ಪನ್ನೂ ಅಳೆಯಬೇಕು. ಅದೂ ಋತುಋತುವಿಗೆ, ಚಳಿಗಾಲದಲ್ಲಿಯೂ ಅಳೆಯಬೇಕು.

ಈ ಕೆಲಸಕ್ಕೆ ಈಗ ಒದಗಿರುವ ಸಾಧನಗಳಲ್ಲಿ ಗ್ಲೈಡರ್ ಒಂದು. ಎಂಜಿನ್ನಿಲ್ಲದೆ ಗಾಳಿಯಲ್ಲಿ ಜಾರುತ್ತ ಸಾಗುವ ವಿಮಾನಕ್ಕೆ ಮೊದಲು ಇಟ್ಟ ಹೆಸರನ್ನೇ ನೀರಿನೊಳಗೆ ಜಾರುವ ಈ ಯಂತ್ರಕ್ಕೂ ಇಟ್ಟಿದ್ದಾರೆ. ೧೯೮೯ರಲ್ಲಿ ಹೆನ್ರಿ ಸ್ಟಾಮೆಲ್ ಎಂಬ ಸಮುದ್ರಶಾಸ್ತ್ರಜ್ಞನು ಒಂದು ಕಲ್ಪಿತ ಬರಹವನ್ನು ಪ್ರಕಟಿಸಿದನು. ೨೦೨೧ರಲ್ಲಿ ಕುಳಿತು ಹಿಂದಿನದನ್ನು ನೆನೆಯುವವನ ಮಾತಿನಲ್ಲಿ, ಸಮುದ್ರಗಳಲ್ಲೆಲ್ಲ ತಾವಾಗಿ ಸಂಚರಿಸಿ ಅಳತೆಗಳನ್ನು ಕಳಿಸುವ ಸಣ್ಣ ಯಂತ್ರಗಳನ್ನು ಅದರಲ್ಲಿ ಅವನು ವರ್ಣಿಸಿದನು. ೧೮೯೫ರಿಂದ ೧೮೯೮ರವರೆಗೆ ಒಬ್ಬನೇ ದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಜಾಶುವಾ ಸ್ಲೋಕಮ್‌ನ ಹೆಸರನ್ನು ಅವುಗಳಿಗೆ ಇಟ್ಟನು. ಸ್ಟಾಮೆಲ್ ೧೯೯೨ರಲ್ಲಿ ತೀರಿಕೊಂಡನು. ಅವನ ಕಲ್ಪನೆಯು ಕೆಲವೇ ವರ್ಷಗಳಲ್ಲಿ ನಿಜವಾಯಿತು.

ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಸೀಗ್ಲೈಡರ್ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ದದಲ್ಲಿ ಒಬ್ಬ ಆಳಿನಷ್ಟು. ತೂಕದಲ್ಲಿ ಸುಮಾರು ೫೦ ಕಿಲೋಗ್ರಾಂ. ಎರಡು ಪಕ್ಕದಲ್ಲಿ ಚಿಕ್ಕ ರೆಕ್ಕೆಗಳು. ನೀರನ್ನು ತಳ್ಳುವ ಚಕ್ರ ಇದಕ್ಕಿಲ್ಲ. ಹೊಟ್ಟೆಯೊಳಗಿನ ಎಣ್ಣೆಯನ್ನು ಹೊರಗಿನ ಚೀಲವೊಂದಕ್ಕೆ ಒತ್ತಿದರೆ, ತೂಕ ಬದಲಾಗದೆ ಗಾತ್ರ ಹಿಗ್ಗಿ, ಯಂತ್ರವು ಮೇಲೇಳುತ್ತದೆ. ಎಣ್ಣೆಯನ್ನು ಒಳಕ್ಕೆ ಬಿಟ್ಟುಕೊಂಡರೆ ಮುಳುಗುತ್ತದೆ. ಏಳುವಾಗಲೂ ಮುಳುಗುವಾಗಲೂ ರೆಕ್ಕೆಗಳು ಅದನ್ನು ಓರೆಯಾಗಿ ಮುಂದಕ್ಕೊಯ್ಯುತ್ತವೆ. ಒಳಗಿನ ಬ್ಯಾಟರಿಯನ್ನು ಹಿಂದು ಮುಂದಕ್ಕೂ ಪಕ್ಕಕ್ಕೂ ಸರಿಸಿ ದಿಕ್ಕನ್ನು ತಿದ್ದುತ್ತಾರೆ. ವೇಗವು ಸೆಕೆಂಡಿಗೆ ಕಾಲು ಮೀಟರು. ಅಡ್ಡಾಡಲು ಹೊರಟ ಮುದುಕನೂ ಅದನ್ನು ಹಿಂದಕ್ಕೆ ಹಾಕಬಹುದು. ಆದರೆ ತಿಂಗಳುಗಟ್ಟಲೆ ನಿಲ್ಲದೆ ನಡೆಯುತ್ತದೆ. ಸಾವಿರ ಮೀಟರಿನಷ್ಟು ಆಳಕ್ಕೆ ಇಳಿದು ಏಳುತ್ತದೆ. ಮೇಲೆ ಬಂದಾಗಲೆಲ್ಲ ಮೂಗನ್ನು ನೀರಿಗೆ ತಗ್ಗಿಸಿ, ಬಾಲದಂತಿರುವ ಆಂಟೆನಾವನ್ನು ಗಾಳಿಗೆ ಎತ್ತಿ, ತಾನಿರುವ ಜಾಗವನ್ನು ತಿಳಿದುಕೊಂಡು, ಅಳತೆಗಳನ್ನು ಉಪಗ್ರಹದ ಮೂಲಕ ಮನೆಗೆ ಕಳಿಸಿ, ಹೊಸ ಅಪ್ಪಣೆಯಿದ್ದರೆ ಕೇಳಿಕೊಂಡು, ಮತ್ತೆ ಮುಳುಗುತ್ತದೆ.

ಹಿಮದ ಕೆಳಗೆ ಈ ಅನುಕೂಲವಿಲ್ಲ. ಅಲ್ಲಿ ಮೇಲಕ್ಕೆ ಬಂದರೆ ತಲೆ ಹಿಮಕ್ಕೆ ತಗಲುತ್ತದೆ. ಉಪಗ್ರಹದ ಸಂಕೇತವು ನೀರಿನೊಳಕ್ಕೆ ಇಳಿಯದು. ಗ್ರೀನ್‌ಲೆಂಡಿಗೂ ಬ್ಯಾಫಿನ್ ದ್ವೀಪಕ್ಕೂ ನಡುವಣ ಡೇವಿಸ್ ಜಲಸಂಧಿಯಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ಇದಕ್ಕೊಂದು ಉಪಾಯವನ್ನು ಹೂಡಿದರು. ಸಮುದ್ರದೊಳಗೆ ಗೊತ್ತಾದ ಜಾಗಗಳಲ್ಲಿ ಧ್ವನಿಯಂತ್ರಗಳನ್ನು ನಿಲ್ಲಿಸಿದರು. ಅವು ಗೊತ್ತಾದ ಹೊತ್ತಿಗೆ ಕೂಗುತ್ತವೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರು ಓಡುತ್ತದೆ. ಕೂಗು ಎಷ್ಟು ತಡವಾಗಿ ಕೇಳಿತೆಂಬುದರಿಂದ ಗ್ಲೈಡರು ತನಗೂ ಆ ಧ್ವನಿಯಂತ್ರಕ್ಕೂ ಇರುವ ದೂರವನ್ನು ಲೆಕ್ಕಹಾಕಿ, ಎರಡು ಮೂರು ಕೂಗುಗಳಿಂದ ತನ್ನ ಸ್ಥಾನವನ್ನು ಊಹಿಸಿಕೊಳ್ಳುತ್ತದೆ. ಮೇಲೆ ಹಿಮವಿದೆಯೆ ಇಲ್ಲವೆ ಎಂಬುದನ್ನು ನೀರಿನ ಉಷ್ಣತೆಯಿಂದ ತರ್ಕಿಸಿ, ಏಳುವುದೋ ಹಿಂದಿರುಗುವುದೋ ತಾನೇ ನಿಶ್ಚಯಿಸುತ್ತದೆ. ಅಷ್ಟು ದಿನವೂ ಅಳತೆಗಳು ಅದರ ಹೊಟ್ಟೆಯಲ್ಲಿಯೇ ಇರುತ್ತವೆ. ೨೦೧೪ರಲ್ಲಿ ಅಲಾಸ್ಕದ ಉತ್ತರಕ್ಕಿರುವ ಬೋಫರ್ಟ್ ಸಮುದ್ರದಲ್ಲಿ ಧ್ವನಿಯಂತ್ರಗಳನ್ನು ತೇಲುವ ಹಿಮಕ್ಕೇ ತೂಗುಹಾಕಿ, ಕರಗಿ ಹಿಂಜರಿಯುವ ಹಿಮದ ಅಂಚಿನ ಎರಡು ಕಡೆಯಲ್ಲಿಯೂ ಗ್ಲೈಡರುಗಳನ್ನು ನಡೆಸಿದರು.

ಇಲ್ಲಿ ಮೊದಲ ಆಕ್ಷೇಪವು ಎದುರಾಗುತ್ತದೆ. ‘ಡಿಲಾಂಗನ ಸಂಗಡಿಗರು ಪ್ರಾಣವನ್ನು ಕೊಟ್ಟು ತಂದ ಅಂಕೆಗೂ, ಬೆಚ್ಚನೆಯ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕುಳಿತವನ ಮೇಜಿಗೆ ಬಂದ ಅಂಕೆಗೂ ಒಂದೇ ಬೆಲೆಯೆ? ತಪಸ್ಸಿಲ್ಲದ ಜ್ಞಾನವು ಹಗುರವಲ್ಲವೆ?’ ಎಂದು ಕೆಲವರು ಕೇಳಬಹುದು. ಈ ಮಾತಿಗೆ ಮನಸ್ಸು ಒಮ್ಮೆಗೆ ಸೋಲುತ್ತದೆ. ಕಷ್ಟದಿಂದ ಬಂದುದಕ್ಕೆ ಗೌರವ ಸಲ್ಲಿಸುವುದು ಮನುಷ್ಯಸ್ವಭಾವ, ಒಳ್ಳೆಯ ಸ್ವಭಾವವೂ ಹೌದು.

ಆದರೆ ವಿಚಾರಿಸಿ ನೋಡಿದರೆ ಆಕ್ಷೇಪವು ನಿಲ್ಲುವುದಿಲ್ಲ. ಧ್ರುವದ ಸುತ್ತ ತೆರೆದ ಸಮುದ್ರವಿದೆಯೆಂಬ ನಂಬಿಕೆಗಾಗಿ ಇಪ್ಪತ್ತು ಮಂದಿ ಸತ್ತರು. ಇಪ್ಪತ್ತು ಸಾವುಗಳಿಂದಲೂ ಆ ನಂಬಿಕೆ ನಿಜವಾಗಲಿಲ್ಲ. ‘ಫ್ರಾಮ್’ ಹಡಗಿನಲ್ಲಿದ್ದವರು ಉಂಡು ಬೆಚ್ಚಗಿದ್ದರು. ಅದರಿಂದ ಅವರ ಅಳತೆ ಸುಳ್ಳಾಗಲಿಲ್ಲ. ಇನ್ನೂ ಒಂದು ಮಾತುಂಟು. ಹಿಮದ ಹರಿವಿನ ಗುಟ್ಟನ್ನು ತಿಳಿಸಿದುದು ಮನುಷ್ಯರೊಬ್ಬರೂ ಇಲ್ಲದೆ ಮೂರು ವರ್ಷ ತಾವಾಗಿ ತೇಲಿಬಂದ ಅವಶೇಷಗಳು. ಆ ಸಮುದ್ರದಲ್ಲಿ ಮೊದಲ ಮೂಕಸಾಕ್ಷಿ ಗ್ಲೈಡರಲ್ಲ, ಒಡೆದ ಹಡಗಿನ ಚೂರುಗಳು. ಕಷ್ಟವು ಕಷ್ಟಪಟ್ಟವನ ಧೈರ್ಯಕ್ಕೆ ಪ್ರಮಾಣ. ಅವನು ಹೇಳಿದುದರ ನಿಜಕ್ಕೆ ಪ್ರಮಾಣವಲ್ಲ. ಡಿಲಾಂಗನ ಜನರಲ್ಲಿ ಪೂಜ್ಯವಾದುದು ಅವರ ಸಾವಿಗಿಂತ ಹೆಚ್ಚಾಗಿ, ಸಾಯುವ ಸ್ಥಿತಿಯಲ್ಲಿಯೂ ದಿನವಹಿಯನ್ನು ಬಿಡದ ಅವರ ನಿಷ್ಠೆ. ನಾನ್‌ಸೆನ್ನನಲ್ಲಿ ಪೂಜ್ಯವಾದುದು ಹಗ್ಗವು ಸಾಲದೆ ಬಂದಾಗ ಎಣಿಕೆಯನ್ನೇ ಬಿಟ್ಟುಕೊಟ್ಟು ಬೇರೆ ಹಗ್ಗವನ್ನು ಹೊಸೆದ ಬುದ್ಧಿ. ಮೇಲೆ ಹೇಳಿದ ತಪಸ್ಸು ಇದೇ.

ಈ ತಪಸ್ಸು ಯಂತ್ರ ಬಂದ ಮಾತ್ರಕ್ಕೆ ತಪ್ಪುವುದಿಲ್ಲ. ಯಂತ್ರವು ಸುಳ್ಳು ಹೇಳದು ಎಂಬ ಮಾತು ಅರ್ಧ ನಿಜ. ಅದಕ್ಕೆ ಸುಳ್ಳಾಡುವ ಇಚ್ಛೆಯಿಲ್ಲ. ಆದರೆ ತಪ್ಪಾಡಿದರೆ ನಾಚಿಕೆಯೂ ಇಲ್ಲ. ಗ್ಲೈಡರು ಉಪ್ಪನ್ನು ನಾಲಗೆಯಿಂದ ನೋಡುವುದಿಲ್ಲ. ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನು ಅಳೆದು, ಉಷ್ಣತೆಯನ್ನೂ ಒತ್ತಡವನ್ನೂ ಸೇರಿಸಿ, ಉಪ್ಪನ್ನು ಲೆಕ್ಕದಿಂದ ತಿಳಿಯುತ್ತಾರೆ. ಅಳೆಯುವ ಅಂಗದಲ್ಲಿ ಸ್ವಲ್ಪ ಪಾಚಿ ಕಟ್ಟಿದರೂ, ದಿನಗಳು ಕಳೆದಂತೆ ಅದು ಸ್ವಲ್ಪ ಹಾದಿ ತಪ್ಪಿದರೂ ಲೆಕ್ಕವು ಕೆಡುತ್ತದೆ. ಕೊರೆಯುವ ನೀರಿನಲ್ಲಿ ಹಗುರ ಭಾರಗಳನ್ನು ಗೊತ್ತುಮಾಡುವುದು ಉಷ್ಣತೆಗಿಂತ ಹೆಚ್ಚಾಗಿ ಉಪ್ಪು. ಆದುದರಿಂದ ಅಲ್ಲಿ ಸಣ್ಣ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇಂತಹ ಕಡೆಗೇ ಹೇಳಿದಂತಿದೆ. ಯಂತ್ರವನ್ನು ಬಿಡುವ ಮುನ್ನ ಒಮ್ಮೆ, ಹಿಂದಕ್ಕೆ ಬಂದ ಮೇಲೆ ಒಮ್ಮೆ ಒರೆಗೆ ಹಚ್ಚಬೇಕು. ಹಡಗಿನಿಂದ ಮೊಗೆದ ನೀರಿನೊಡನೆ ಹೋಲಿಸಬೇಕು. ಅನುಮಾನವಿರುವ ಅಂಕೆಯ ಪಕ್ಕದಲ್ಲಿ ಅನುಮಾನವಿದೆಯೆಂದು ಬರೆಯಬೇಕು.

ಕಠಿನವಾದುದು ಇದಕ್ಕಿಂತ ಮುಂದಿನದು. ಹಿಮದ ಕೆಳಗೆ ಗ್ಲೈಡರು ಕೂಗನ್ನು ಕೇಳದೆ ಹೋದ ದಿನಗಳಿರುತ್ತವೆ. ಆ ದಿನಗಳಲ್ಲಿ ಅದು ಎಲ್ಲಿತ್ತೆಂಬುದು ಊಹೆ ಮಾತ್ರ. ಕಾಗದದ ಮೇಲೆ ಎರಡು ಚುಕ್ಕೆಗಳ ನಡುವೆ ಗೆರೆಯೆಳೆಯುವುದು ಸುಲಭ. ನೋಡುವವರಿಗೆ ಗೆರೆಯು ಚುಕ್ಕೆಯಷ್ಟೇ ನಿಜವಾಗಿ ಕಾಣುತ್ತದೆ. ಇದು ಊಹೆಯ ಗೆರೆಯೆಂದು ಹೇಳುವ ಮನುಷ್ಯನು ತನ್ನ ಕೀರ್ತಿಯಲ್ಲಿ ಸ್ವಲ್ಪವನ್ನು ಕಳೆದುಕೊಳ್ಳಬಹುದು. ಹೇಳದವನು ಪ್ರಮಾಣವನ್ನೇ ಕಳೆದುಕೊಳ್ಳುತ್ತಾನೆ. ಹಿಂದೆ ಹಿಮದ ಮೇಲೆ ನಡೆದವನಿಗೆ ಒದಗುತ್ತಿದ್ದ ಪರೀಕ್ಷೆಯು ದೇಹದ್ದಾಗಿತ್ತು, ಹತ್ತು ಜನ ಕಾಣುವಂತಿತ್ತು. ಕೋಣೆಯಲ್ಲಿ ಕುಳಿತವನ ಪರೀಕ್ಷೆಯನ್ನು ಕಾಣುವವರು ಯಾರೂ ಇಲ್ಲ. ಅಪಾಯ ಹೋಯಿತು, ಧರ್ಮವು ಹೋಗಲಿಲ್ಲ. ಧೈರ್ಯ ನಿಂತಿದ್ದ ಜಾಗದಲ್ಲಿ ಪ್ರಾಮಾಣಿಕತೆ ನಿಲ್ಲಬೇಕಾಯಿತು. ಆ ಮಾತು ಹುಟ್ಟಿದ್ದೂ ಪ್ರಮಾಣದಿಂದಲೇ ಎಂಬುದನ್ನು ವಾಚಕರು ಗಮನಿಸಬಹುದು.

ಇನ್ನು ಎರಡನೆಯ ಆಕ್ಷೇಪ. ಅಳೆದುದು ನಿಜವೇ ಆಗಿರಲಿ, ಅದು ಯಾರದು? ೧೯೫೮ರ ಆಗಸ್ಟ್ ೩ರಂದು ‘ನಾಟಿಲಸ್’ ಎಂಬ ಅಮೆರಿಕದ ಜಲಾಂತರ್ಗಾಮಿ ನೌಕೆ ಹಿಮದಡಿಯಲ್ಲಿ ಧ್ರುವವನ್ನು ಮುಟ್ಟಿತು. ಆಮೇಲೆ ಹೋದ ಯುದ್ಧನೌಕೆಗಳು ತಮ್ಮ ತಲೆಯ ಮೇಲಿನ ಹಿಮ ಎಷ್ಟು ದಪ್ಪವಿದೆಯೆಂದು ಅಳೆಯುತ್ತ ಹೋದುವು. ಅವುಗಳ ಅಗತ್ಯ ಯುದ್ಧದ್ದು, ಅಂಕೆಗಳು ರಹಸ್ಯದವು. ದಶಕಗಳಾದ ಮೇಲೆ, ೧೯೯೦ರ ಈಚೆಗೆ, ಬೀಗ ತೆರೆಯಿತು. ೧೯೫೮ರಿಂದ ೧೯೭೬ರವರೆಗಿನ ಅಳತೆಗಳನ್ನು ೧೯೯೩ರಿಂದ ೧೯೯೭ರವರೆಗಿನವುಗಳೊಡನೆ ಹೋಲಿಸಿ, ೧೯೯೯ರಲ್ಲಿ ರಾತ್‌ರಾಕ್, ಯೂ, ಮೇಕಟ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದರು: ಬೇಸಗೆಯ ಕೊನೆಯಲ್ಲಿ ನೀರಿನೊಳಗೆ ಮುಳುಗಿರುವ ಹಿಮದ ದಪ್ಪವು ಸರಾಸರಿ ೩.೧ ಮೀಟರಿನಿಂದ ೧.೮ ಮೀಟರಿಗೆ ಇಳಿದಿತ್ತು. ಪೆಟ್ಟಿಗೆಯಲ್ಲಿದ್ದಾಗ ಅದು ಅಳತೆ ಮಾತ್ರವಾಗಿತ್ತು. ಹತ್ತು ಜನರ ಪರಿಶೀಲನೆಗೆ ಬಂದ ದಿನ ಪ್ರಮಾಣವಾಯಿತು.

ಬೋಫರ್ಟ್ ಸಮುದ್ರದ ಗ್ಲೈಡರುಗಳಿಗೂ ಹಣ ಬಂದುದು ಅಮೆರಿಕದ ನೌಕಾದಳದ ಸಂಶೋಧನಾ ಕಚೇರಿಯಿಂದ. ಹಣದ ಮೂಲದಿಂದ ಅಳತೆಯು ಮೈಲಿಗೆಯಾಗುವುದಿಲ್ಲ, ಬಚ್ಚಿಟ್ಟರೆ ಆಗುತ್ತದೆ. ಅಲ್ಲದೆ ಆ ಸಮುದ್ರವು ನಿರ್ಜನವಲ್ಲ. ಡೇವಿಸ್ ಜಲಸಂಧಿಯ ಎರಡು ತೀರಗಳಲ್ಲಿಯೂ ಇನ್ಯೂಟ್ ಜನರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅವರಿಗೆ ಹಿಮವೆಂದರೆ ದಾರಿ, ಬೇಟೆಯ ನೆಲ; ಯಾವ ಹಿಮ ಕಾಲನ್ನು ತಾಳುವುದು, ಯಾವುದು ತಾಳದು ಎಂಬುದು ಅವರು ಬದುಕಿ ಕಲಿತ ವಿದ್ಯೆ. ಅವರ ಮನೆಯ ಕೆಳಗಿನ ನೀರನ್ನು ಅಳೆದವರು ಆ ಅಂಕೆಯನ್ನು ಮೊದಲು ಹೇಳಬೇಕಾದುದು ಅವರಿಗೆ. ಅವರು ಹೇಳುವುದನ್ನು ಕೇಳಬೇಕಾದುದೂ ನ್ಯಾಯ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಭಾರವಾದುದು. ಉಪಗ್ರಹಗಳ ಎಣಿಕೆ ನೆಲೆಗೊಂಡ ೧೯೭೯ರ ಸೆಪ್ಟೆಂಬರಿನಲ್ಲಿ ಧ್ರುವಸಮುದ್ರದ ಹಿಮವು ಸುಮಾರು ೭೦ ಲಕ್ಷ ಚದರ ಕಿಲೋಮೀಟರು ಹರಡಿತ್ತು. ೨೦೧೨ರ ಸೆಪ್ಟೆಂಬರಿನಲ್ಲಿ ಸುಮಾರು ೩೪ ಲಕ್ಷಕ್ಕೆ ಕುಗ್ಗಿತು. ಸಮುದ್ರದೊಳಗೆ ನೆಟ್ಟ ಉಪಕರಣಗಳ ಅಳತೆಗಳಿಂದ, ಯುರೇಷ್ಯದ ಕಡೆಯಲ್ಲಿ ಅಟ್ಲಾಂಟಿಕ್ಕಿನ ಬೆಚ್ಚನೆಯ ನೀರು ಮೇಲಕ್ಕೇರುತ್ತಿದೆಯೆಂದೂ, ನಡುವಣ ಮುಚ್ಚಳವು ಸಡಿಲುತ್ತಿದೆಯೆಂದೂ ಪೋಲ್ಯಕೋವ್ ಮತ್ತು ಸಂಗಡಿಗರು ೨೦೧೭ರಲ್ಲಿ ಬರೆದರು. ನಾನ್‌ಸೆನ್ ಕಂಡ ಅದೇ ಪದರ, ಅದೇ ಮುಚ್ಚಳ. ‘ಇಷ್ಟು ತಿಳಿದ ಮೇಲೂ ಅಳೆಯುತ್ತಲೇ ಇರುವುದು, ರೋಗಿಯ ಮಗ್ಗುಲಲ್ಲಿ ಕುಳಿತ ವೈದ್ಯನು ಔಷಧವನ್ನು ಕೊಡದೆ ನಾಡಿಯನ್ನೇ ಹಿಡಿದಿರುವಂತಲ್ಲವೆ?’ ಎಂದು ಕೇಳುವವರಿಗೆ ಏನೆಂದು ಹೇಳಬೇಕು?

ನಾಡಿಯನ್ನು ಹಿಡಿದುದು ತಪ್ಪಲ್ಲವೆಂದು ಮೊದಲು ಹೇಳಬೇಕು. ಎಲ್ಲಿ, ಎಷ್ಟು, ಎಷ್ಟು ಬೇಗ ಎಂಬುದು ತಿಳಿಯದೆ ಕೊಟ್ಟ ಔಷಧವು ಕುರುಡನ ಕಲ್ಲು. ಆದರೆ ಆಕ್ಷೇಪದಲ್ಲಿ ಉಳಿಯುವ ನಿಜವೂ ಒಂದುಂಟು. ಅಳೆಯುವವನು ಬೇರೆ, ಮದ್ದು ಕೊಡಬೇಕಾದವನು ಬೇರೆ. ಗ್ಲೈಡರನ್ನು ಬಿಟ್ಟ ವಿದ್ವಾಂಸನು ನಿಜವನ್ನು ನಿಜವಾಗಿ ಹೇಳಿದರೆ ಅವನ ಪ್ರಮಾಣವು ತೀರಿತು. ಕೇಳಿದವರದು ಅಲ್ಲಿಂದ ಮೊದಲಾಗುತ್ತದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಗಾಳಿಯನ್ನು ಬಿಸಿಮಾಡಿದವರು ಬಹುಮಟ್ಟಿಗೆ ಆ ಹಿಮದಿಂದ ದೂರ ಇರುವವರು. ಭಾರತದ ಮನೆಗಳೂ ಈ ಮಾತಿನಿಂದ ಹೊರಗಲ್ಲ. ೨೦೧೪ರ ಜುಲೈನಲ್ಲಿ ಸ್ಪಿಟ್ಸ್‌ಬರ್ಗನ್ನಿನ ಕಾಂಗ್ಸ್ ಫ್ಯೋರ್ಡಿನ ನೀರಿನಲ್ಲಿ ಭಾರತದ ವಿಜ್ಞಾನಿಗಳು ‘ಇಂಡ್‌ಆರ್ಕ್’ ಎಂಬ ಅಳತೆಯ ನೆಲೆಯನ್ನು ಕಟ್ಟಿ ನಿಲ್ಲಿಸಿದರು. ಆ ಸಮುದ್ರಕ್ಕೂ ಮುಂಗಾರಿಗೂ ಇರುವ ಸಂಬಂಧವನ್ನು ಅರಿಯುವುದು ಅದರ ಉದ್ದೇಶಗಳಲ್ಲೊಂದು. ಮುಂಗಾರಿನ ಲೆಕ್ಕವನ್ನು ಧ್ರುವದಲ್ಲಿ ಹುಡುಕುವವರಿಗೆ ಧ್ರುವದ ಲೆಕ್ಕವು ಪರರದೆಂದು ಹೇಳುವ ಹಕ್ಕಿಲ್ಲ. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಅಳೆದು ತೋರಿಸಿದ ಮೇಲೆ ಮಾಡಿದ ತಪ್ಪಿಗೆ ಆ ಆಶ್ರಯವಿಲ್ಲ. ಜ್ಞಾನವು ಲಾಭವೆಂದು ಎಲ್ಲರೂ ಬಲ್ಲರು. ಅದು ಸಾಲವೂ ಹೌದೆಂಬುದನ್ನು ನೆನೆಯುವವರು ಕಡಮೆ.

ಹಿಮದ ಕೆಳಗೆ ಹೋದ ಗ್ಲೈಡರುಗಳಲ್ಲಿ ಕೆಲವು ಹಿಂದಿರುಗುವುದಿಲ್ಲ. ಅವು ಅಳೆದುದು ಅವುಗಳೊಡನೆಯೇ ಮುಳುಗುತ್ತದೆ. ಯಾವ ಮನೆಯಲ್ಲಿಯೂ ಅದಕ್ಕಾಗಿ ಯಾರೂ ಅಳುವುದಿಲ್ಲ. ಜಾನೆಟ್ ಹಡಗಿನ ಕಾಲಕ್ಕಿಂತ ಇದು ಎಷ್ಟೋ ಮೇಲೆಂದು ಸಂತೋಷಪಡಬೇಕು. ಹಿಂದಿರುಗಿದವು ಹಿಮದ ಬಿರುಕೊಂದರಲ್ಲಿ ಮೇಲೆದ್ದು, ತಿಂಗಳುಗಳ ಅಳತೆಯನ್ನು ಒಂದೊಂದಾಗಿ ಕಳಿಸುತ್ತವೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ದೀಪವನ್ನೋ ತುಳಸಿಯನ್ನೋ ಮುಟ್ಟಿ ಪ್ರಮಾಣ ಮಾಡುವುದು ಈ ನಾಡಿನ ಹಳೆಯ ವಾಡಿಕೆ. ಮುಟ್ಟಿದ ಕೈ ಮನುಷ್ಯನದೇ ಆಗಿರಬೇಕು, ಕೋಲಿನಿಂದ ಮುಟ್ಟಿದರೆ ಸಲ್ಲದು. ಆ ದೂರದ ನೀರನ್ನು ಮುಟ್ಟಿದುದು ಕೋಲು. ಅಳೆದವರೂ ಕೇಳಿದವರೂ ತಮ್ಮ ಕೈಯನ್ನು ಮುಂದೆ ಚಾಚದೆ ಅದು ಪ್ರಮಾಣವಾಗದು.